ಒಂದು ತಾರಸಿ, ಎರಡು ಮೀಟರ್

ಫೆಬ್ರವರಿ ೩

ಬೆಳಿಗ್ಗೆ ಆರಕ್ಕೆ ಮೀಟರ್ ೨೪೬೧೮.

ಇದನ್ನು ಬರೆದಿಡಬೇಕೆಂದು ಹೇಳಿದವನು ಟೆಸ್ಟರ್. ಈ ಬೀದಿಯ ವೈರಿಂಗ್ ಕೆಲಸವೆಲ್ಲ ಅವನದೇ. ಕಿವಿಯ ಮೇಲೆ ಸದಾ ಒಂದು ಟೆಸ್ಟರ್ ಸಿಕ್ಕಿಸಿಕೊಂಡಿರುತ್ತಾನೆ. ಹುಟ್ಟಿದಾಗ ಇಟ್ಟ ಹೆಸರು ಅವನ ಹೆಂಡತಿಗೂ ಮರೆತುಹೋಗಿರಬೇಕು.

ನಿನ್ನೆ ಸೋಲಾರ್ ಕಂಪನಿಯ ಸೇಲ್ಸ್‌ನವನು ಬಂದಿದ್ದ. ಲಾಡ್ಜಿನ ಬೆಡ್‌ಶೀಟ್ ಗಂಟುಗಳನ್ನು ಸರಿಸಿ ಕೂರಲು ಜಾಗ ಮಾಡಿಕೊಟ್ಟೆ. ಒಂದು ಗಂಟೆ ಬಿಡದೆ ಮಾತಾಡಿದ. "ಮೇಡಂ, ನಾಲ್ಕೇ ವರ್ಷ. ಹಾಕಿದ ದುಡ್ಡು ವಾಪಸ್. ಆಮೇಲೆ ಇಪ್ಪತ್ತು ವರ್ಷ ಕರೆಂಟ್ ಪುಕ್ಕಟೆ. ಬಿಲ್ಲು ಸೊನ್ನೆ!" ಎಂದು ಗಾಳಿಯಲ್ಲಿ ಬೆರಳಿಂದ ದೊಡ್ಡ ಸೊನ್ನೆ ಬರೆದು ತೋರಿಸಿದ. ಅವನು ಹೋದ ಮೇಲೆ ಟೆಸ್ಟರನ್ನು ಕರೆಸಿ ಹೇಳಿದರೆ ಅವನು ನಕ್ಕ.

"ಸೊನ್ನೆ ಬರೆಯೋದು ಸುಲಭ ಅಕ್ಕ. ಅಳತೆ ತಗೊಳ್ದೆ ಅಂಗಿ ಹೊಲೀತಾರಾ? ಒಂದು ತಿಂಗಳು ದಿನಾ ಮೀಟರ್ ನೋಡಿ ಬರ್ಕೊಳ್ಳಿ. ಆಮೇಲೆ ಮಾತಾಡೋಣ."

ಹಳೆಯ ಡೆಲಿವರಿ ಪುಸ್ತಕದಲ್ಲಿ ಅರ್ಧದಷ್ಟು ಹಾಳೆ ಖಾಲಿ ಇತ್ತು. ಹೇಗೂ ಪೆನ್ನು ಹಿಡಿದಾಗಿದೆ, ನಾಲ್ಕು ಸಾಲು ಹೆಚ್ಚಿಗೆ ಬರೆದರೆ ಕೇಳುವವರು ಯಾರು?

ಫೆಬ್ರವರಿ ೪

೨೪೬೩೨. ಒಂದು ದಿನಕ್ಕೆ ಹದಿನಾಲ್ಕು ಯೂನಿಟ್.

ಎರಡು ಮಷಿನ್, ಎರಡರಲ್ಲೂ ಬಿಸಿನೀರು. ಲಾಡ್ಜಿನ ಶೀಟುಗಳು ತಣ್ಣೀರಿಗೆ ಬಗ್ಗುವುದಿಲ್ಲ. ಅದರ ಮೇಲೆ ಇಸ್ತ್ರಿ. ನಸುಕಿನ ನಾಲ್ಕಕ್ಕೆ ಮಷಿನ್ ಹಾಕಿದರೆ ಏಳಕ್ಕೆ ಹಗ್ಗದ ಮೇಲೆ, ಹನ್ನೆರಡಕ್ಕೆ ಇಸ್ತ್ರಿ ಮುಗಿದು, ಒಂದು ಗಂಟೆಗೆ ಗಾಡಿಗೆ. ಹದಿಮೂರು ವರ್ಷದಿಂದ ಇದೇ.

ಲಾಡ್ಜಿನ ಮ್ಯಾನೇಜರ್ ಮೂರು ವರ್ಷದಿಂದ ರೇಟು ಏರಿಸಿಲ್ಲ. ಕರೆಂಟಿನವರು ಮೂರು ಸಲ ಏರಿಸಿದ್ದಾರೆ. ಹೋದ ತಿಂಗಳು ಬಿಲ್ಲು ಕಟ್ಟಿ ಉಳಿದದ್ದನ್ನು ನೋಡಿ ನನಗೇ ನಗು ಬಂತು. ನಾನು ಲಾಡ್ಜಿಗೆ ಬಟ್ಟೆ ಒಗೆಯುತ್ತಿದ್ದೇನೋ, ಕರೆಂಟ್ ಆಫೀಸಿಗೆ ಜೀತ ಮಾಡುತ್ತಿದ್ದೇನೋ!

ಮಗಳು ಫೋನ್ ಮಾಡಿದ್ದಳು. ಬೇರೆ ಊರಲ್ಲಿ ಔಷಧಿ ಅಂಗಡಿ ನೋಡಿಕೊಳ್ಳುತ್ತಾಳೆ. "ಸಾಕು ಮಾಡಮ್ಮ. ಐವತ್ತಾರಾಯ್ತು. ಮಷಿನ್ ಮಾರಿ ಇಲ್ಲಿಗೆ ಬಂದ್ಬಿಡು. ಕೂಡಿಟ್ಟಿರೋ ದುಡ್ಡನ್ನ ಬಿಸಿಲಿಗೆ ಹಾಕ್ಬೇಡ" ಎಂದಳು. ನೋಡೋಣ ಎಂದೆ. ಅವಳ ಮನೆಯಲ್ಲಿ ನಾನು ಏನು ಮಾಡಲಿ? ಅವಳ ನಾಲ್ಕು ಜೊತೆ ಬಟ್ಟೆ ಒಗೆಯುವುದಕ್ಕೆ ಎಷ್ಟು ಹೊತ್ತು ಬೇಕು?

ಫೆಬ್ರವರಿ ೯

೨೪೭೦೧.

ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಎರಡು ಮೀಟರ್ ಅಕ್ಕಪಕ್ಕ ಇವೆ. ಒಂದು ನನ್ನದು, ಒಂದು ಮೇಲಿನವರದು. ಇವತ್ತು ಕಣ್ಣು ಆ ಕಡೆಗೂ ಹೋಯಿತು. ಅದನ್ನೂ ಬರೆದುಕೊಂಡೆ: ೯೨೪೦. ತಪ್ಪೇನಿಲ್ಲ, ಮೀಟರಿಗೇನು ಪರದೆ ಹಾಕಿಲ್ಲವಲ್ಲ. ಎರಡು ಜನಕ್ಕೆ ಎಷ್ಟು ಉರಿಸುತ್ತಾರೆ ಎಂದು ನಾನೂ ಒಂದು ಸಲ ನೋಡೇ ಬಿಡುತ್ತೇನೆ.

ಮೇಲಿನವರು ಎಂದರೆ ನನ್ನ ಗಂಡನ ತಮ್ಮ, ಅವನ ಹೆಂಡತಿ. ಅವನು ಮನೆಯಲ್ಲೇ ಕೂತು ವಾಚು ರಿಪೇರಿ ಮಾಡುತ್ತಾನೆ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವನಿಗಿನ್ನೂ ಹತ್ತೊಂಬತ್ತು. ಈಗ ಆರು ವರ್ಷದಿಂದ ಮಾತಿಲ್ಲ. ಓರಗಿತ್ತಿ ಮೆಟ್ಟಿಲಲ್ಲಿ ಎದುರಾದರೆ "ಊಟ ಆಯ್ತಾ ಅಕ್ಕ" ಎನ್ನುತ್ತಾಳೆ, "ಆಯ್ತು" ಎನ್ನುತ್ತೇನೆ. ಆಗಿರದಿದ್ದರೂ ಆಯ್ತು.

ಮೊದಲು ಇಡೀ ಮನೆಗೆ ಒಂದೇ ಮೀಟರ್, ಬಿಲ್ಲು ಸರಿಪಾಲು. ಯಜಮಾನರು ಆಸ್ಪತ್ರೆ ಸೇರಿದ ಮೂರನೆಯ ತಿಂಗಳು ಅವನು ಕೆಳಗೆ ಬಂದು ಬಾಗಿಲಲ್ಲೇ ನಿಂತು, "ಅತ್ತಿಗೆ, ಇನ್ಮೇಲೆ ಸರಿಪಾಲು ಆಗಲ್ಲ, ನಿಮ್ಮ ಮಷಿನ್‌ದೇ ಜಾಸ್ತಿ ಬರುತ್ತೆ" ಎಂದ. ಅಣ್ಣ ಸಾಯುವ ಹಾಸಿಗೆಯಲ್ಲಿ, ತಮ್ಮನಿಗೆ ಕರೆಂಟ್ ಬಿಲ್ಲಿನ ಲೆಕ್ಕ! ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ಇವರು ಹೋದ ಮೇಲೆ ಮೀಟರ್ ಬೇರೆಯಾಯಿತು, ನೀರಿನ ಟ್ಯಾಂಕ್ ಬೇರೆಯಾಯಿತು, ಮಾತೂ ಬೇರೆಯಾಯಿತು.

ಫೆಬ್ರವರಿ ೧೭

ಟೆಸ್ಟರ್ ತಾರಸಿ ಹತ್ತಿ ನೋಡಿದ. ಫಲಕಗಳಿಗೆ ದಕ್ಷಿಣದ ಅಂಚೇ ಸರಿಯಂತೆ. ಎತ್ತರದ ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಿದರೆ ಕೆಳಗೆ ನನ್ನ ಹಗ್ಗಗಳೂ ಇರಬಹುದು. ಆದರೆ ಎರಡು ತೊಡಕು.

"ಒಂದು, ಆ ಟ್ಯಾಂಕು. ಅದರ ನೆರಳು ಫಲಕದ ಮೇಲೆ ಬಿದ್ರೆ ಬಂಗಾರದಂಥ ಹೊತ್ತು ಹಾಳು. ಎರಡು, ತಾರಸಿ ಇಬ್ಬರ ಹೆಸರಲ್ಲಿದೆ. ಮೇಲಿನ ಯಜಮಾನ್ರ ಸಹಿ ಇಲ್ದೆ ಅರ್ಜಿ ತಗೊಳ್ಳಲ್ಲ ಅಕ್ಕ."

ಟ್ಯಾಂಕು ಯಾರದು ಎಂದು ಅವನು ಕೇಳಲಿಲ್ಲ. ಕೂರಿಸಿದವನು ಅವನೇ.

ಕೆಳಗಿಳಿದು ಬಂದು ಇಸ್ತ್ರಿ ಮಾಡುತ್ತಾ ನಿಂತೆ. ನಲವತ್ತು ದಿಂಬಿನ ಚೀಲ. ಒಂದರ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು ಮರೆತೆ. ಹದಿಮೂರು ವರ್ಷದಲ್ಲಿ ನಾನು ಸುಟ್ಟ ಎರಡನೆಯ ಬಟ್ಟೆ ಇದು.

ಫೆಬ್ರವರಿ ೨೦

ಚೀಟಿ ಬರೆದು ಓರಗಿತ್ತಿಯ ಕೈಗೆ ಕೊಟ್ಟೆ. "ತಾರಸಿಯ ದಕ್ಷಿಣ ಭಾಗದಲ್ಲಿ ಸೋಲಾರ್ ಫಲಕ ಹಾಕಿಸಬೇಕೆಂದಿದ್ದೇನೆ. ಅದಕ್ಕೆ ನಿಮ್ಮ ಒಪ್ಪಿಗೆ ಬೇಕು. ನಿಮ್ಮ ಟ್ಯಾಂಕನ್ನು ಸ್ಥಳಾಂತರಿಸುವ ಖರ್ಚು ನನ್ನದು." ನಾಲ್ಕು ಸಲ ಹರಿದು ಬರೆದೆ. "ನೀವು" ಎಂದು ಬರೆಯುವಾಗ ಬ್ಯಾಂಕಿಗೆ ಬರೆದಂತೆ ಆಯಿತು. ಆಗಲಿ.

ಫೆಬ್ರವರಿ ೨೨

ಉತ್ತರ ಬಂತು. ಸಹಿ ಅಲ್ಲ, ಹನ್ನೊಂದು ಪ್ರಶ್ನೆ! ವಾಚಿನ ಮುಳ್ಳಿನಂಥ ಸಣ್ಣ ಅಕ್ಷರದಲ್ಲಿ, ನಂಬರು ಹಾಕಿ.

ಒಂದು, ತಾರಸಿಗೆ ತೂತು ಕೊರೆಯುವರೇ, ಮಳೆಯಲ್ಲಿ ಸೋರಿದರೆ ಹೊಣೆ ಯಾರು? ನಾಲ್ಕು, ಫಲಕದ ಧೂಳು ಒರೆಸುವವರು ಯಾರು? ಏಳು, ನಾಲ್ಕು ವರ್ಷದಲ್ಲಿ ಅಸಲು ಬರುವುದೆಂದು ಬೀದಿಯಲ್ಲಿ ಕೇಳಿದೆ, ಅದನ್ನು ಹೇಳಿದವರು ಯಾವ ಆಧಾರದ ಮೇಲೆ ಹೇಳಿದರು? ಹನ್ನೊಂದು, ನಿಮ್ಮ ಮಷಿನ್‌ಗಳು ನಸುಕಿನ ನಾಲ್ಕಕ್ಕೆ ಓಡುತ್ತವೆ. ಆ ಹೊತ್ತಿಗೆ ಸೂರ್ಯ ಎಲ್ಲಿರುತ್ತಾನೆ?

ಮೈಯೆಲ್ಲ ಉರಿಯಿತು. ಕೊಂಕು ಮಾತಿಗೆ ಕೊನೆಯಿಲ್ಲ. ಆದರೆ ಏಳನೆಯದಕ್ಕೂ ಹನ್ನೊಂದನೆಯದಕ್ಕೂ ನನ್ನ ಹತ್ತಿರ ಉತ್ತರವಿಲ್ಲ ಎನ್ನುವುದೂ ನಿಜ.

ಫೆಬ್ರವರಿ ೨೩

ಟೆಸ್ಟರನ್ನು ಹಿಡಿದು ಕೂರಿಸಿಕೊಂಡು ಒಂದೊಂದಕ್ಕೂ ಉತ್ತರ ಕೇಳಿ ಬರೆದೆ. ಎರಡು ಹಾಳೆ ಆಯಿತು. ಹಗಲು ಫಲಕ ಕೊಡುವ ಕರೆಂಟನ್ನು ನಾವೇ ಬಳಸಿದರೆ ಪೂರ್ತಿ ಬೆಲೆ ಉಳಿಯುತ್ತದೆ. ಬಳಸದೆ ಲೈನಿಗೆ ಬಿಟ್ಟರೆ ಕರೆಂಟ್ ಆಫೀಸಿನವರು ಮೂರನೆಯ ಒಂದು ಬೆಲೆಗೆ ಕೊಳ್ಳುತ್ತಾರಂತೆ. ನಸುಕಿನಲ್ಲಿ ನಾನು ಉರಿಸುವುದಕ್ಕೆ ಮಾತ್ರ ಪೂರ್ತಿ ಬೆಲೆ ಕೊಡಬೇಕು. ಸೇಲ್ಸ್‌ನವನು ಇದನ್ನು ಹೇಳಿರಲೇ ಇಲ್ಲ.

ಹಾಳೆಗಳನ್ನು ಓರಗಿತ್ತಿಗೆ ಕೊಡಲು ಹೋದರೆ, "ಅಕ್ಕ, ನಾನೇನು ಪೋಸ್ಟ್‌ಮನ್ನಾ? ನಿಮ್ಮಿಬ್ಬರ ಕಾಗದ ಹೊತ್ತೇ ನನ್ನ ಮಂಡಿ ಸವೀತಿದೆ" ಎಂದಳು. ನಗು ಬಂತು, ತಡೆದುಕೊಂಡೆ.

ಮಾರ್ಚ್ ೩

ತಿಂಗಳಾಯಿತು. ಲೆಕ್ಕ ಹಾಕಿದೆ.

ನನ್ನದು ದಿನಕ್ಕೆ ಹದಿನಾಲ್ಕು. ಮೇಲಿನದು ನಾಲ್ಕು. ಕೂಡಿದರೆ ಹದಿನೆಂಟು. ಸರಿಪಾಲು ಎಂದರೆ ಒಂಬತ್ತು, ಒಂಬತ್ತು.

ಆಗಲೂ ಎರಡು ಮಷಿನ್ ಇದ್ದವು.

ಇವತ್ತು ಬೇರೇನೂ ಬರೆಯುವುದಿಲ್ಲ.

ಮಾರ್ಚ್ ೬

ಶೀಟು ಹಾಕಲು ತಾರಸಿಗೆ ಹೋದಾಗ ನೆಲದ ಮೇಲೆ ಸೀಮೆಸುಣ್ಣದ ಗೆರೆಗಳು. ಟ್ಯಾಂಕಿನ ಬುಡದಿಂದ ಬೀಸಣಿಗೆಯ ಕಡ್ಡಿಗಳ ಹಾಗೆ ಹರಡಿಕೊಂಡಿವೆ. ಒಂದೊಂದರ ತುದಿಯಲ್ಲೂ ಅದೇ ಸಣ್ಣ ಅಕ್ಷರ: ೯, ೯-೩೦, ೧೦, ೧೦-೩೦... ಮೂರೂವರೆವರೆಗೆ. ಪಕ್ಕದಲ್ಲಿ ತಾರೀಕು. ಮೊದಲನೆಯ ತಾರೀಕು ಫೆಬ್ರವರಿ ೨೧.

ನನ್ನ ಚೀಟಿ ಸಿಕ್ಕಿದ ಮಾರನೆಯ ದಿನವೇ ಶುರು ಮಾಡಿದ್ದಾನೆ. ಇಷ್ಟು ದಿನ ಒಗೆದ ಶೀಟುಗಳ ನಡುವೆ ಓಡಾಡುತ್ತಾ ನಾನು ಕಾಲ ಕೆಳಗೆ ನೋಡಿಯೇ ಇರಲಿಲ್ಲ. ಕೆಲವು ಗೆರೆ ನನ್ನ ಒದ್ದೆ ಬಕೆಟ್ಟಿಗೆ ಅಳಿಸಿಹೋಗಿವೆ. ಅವನ್ನು ಅವನು ಮತ್ತೆ ಎಳೆದಿದ್ದಾನೆ.

ಮಾರ್ಚ್ ೭

ಇವತ್ತು ಹತ್ತೂವರೆಗೆ ಬೇಕೆಂದೇ ಮೇಲೆ ಹೋದೆ. ಅವನು ಮಂಡಿಯೂರಿ ಕೂತಿದ್ದ, ಬಲಗಣ್ಣಿನ ಭೂತಗನ್ನಡಿಯನ್ನು ಹಣೆಗೇರಿಸಿಕೊಂಡು. ತಲೆ ಪೂರ್ತಿ ಬೆಳ್ಳಗಾಗಿದೆ. ಮೆಟ್ಟಿಲಲ್ಲಿ ತಲೆ ತಗ್ಗಿಸಿ ಹೋಗುತ್ತಿದ್ದುದರಿಂದ ನಾನು ನೋಡಿರಲಿಲ್ಲ.

"ಏನಿದು?" ಎಂದೆ.

"ಟ್ಯಾಂಕಿನ ನೆರಳು, ಅತ್ತಿಗೆ. ಒಂಬತ್ತರಿಂದ ಹನ್ನೊಂದೂವರೆವರೆಗೆ ಫಲಕದ ಜಾಗದ ಮೇಲೇ ಕೂತಿರುತ್ತೆ. ಅಲ್ಲಿ, ಉತ್ತರದ ಮೂಲೆಗೆ ಹಾಕಿದ್ರೆ ಯಾರ ಮೇಲೂ ಬೀಳಲ್ಲ. ಪೈಪು ಮಾತ್ರ ಸ್ವಲ್ಪ ಉದ್ದ ಬೇಕು."

"ಒಪ್ಪಿಗೆ ಇದೆಯೋ ಇಲ್ವೋ, ಅದನ್ನ ಹೇಳು ಮೊದಲು."

"ಒಪ್ಪಿಗೆ ಇದೆ. ಲೆಕ್ಕ ಒಪ್ಪಿಗೆ ಆಗ್ತಿಲ್ಲ." ಜೇಬಿನಿಂದ ಮಡಿಸಿದ ಹಾಳೆ ತೆಗೆದ. "ನಾಲ್ಕು ವರ್ಷ ಅನ್ನೋದು ಸುಳ್ಳು. ಈಗಿನ ಹಾಗೇ ನಸುಕಲ್ಲಿ ಒಗೆದ್ರೆ ಒಂಬತ್ತು ವರ್ಷ ಬೇಕು. ಒಗೆಯೋದನ್ನ ಹಗಲಿಗೆ ತಂದ್ರೆ ಏಳು. ಮಧ್ಯದಲ್ಲಿ ಮೋಡ, ಧೂಳು. ಫಲಕದ ಕರೆಂಟನ್ನ ಮನೆಗೆ ಹೊಂದಿಸೋ ಇನ್ವರ್ಟರನ್ನ ಹತ್ತು ಹನ್ನೆರಡು ವರ್ಷಕ್ಕೆ ಬದಲಾಯಿಸಬೇಕು, ಅದರ ಪಾಲನ್ನೂ ಸೇರಿಸಿದೀನಿ."

"ಒಂಬತ್ತು ವರ್ಷಕ್ಕೆ ನನಗೆ ಅರವತ್ತೈದು."

"ನನಗೆ ಅರವತ್ತು. ಲೆಕ್ಕ ಯಾರ ವಯಸ್ಸೂ ಕೇಳಲ್ಲ." ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡ. "ಇನ್ನೊಂದು ದಾರಿ ಇದೆ. ನಾವೂ ಅರ್ಧ ಹಾಕ್ತೀವಿ. ನನ್ನ ಕೆಲಸ ಹಗಲಲ್ಲೇ. ಫ್ರಿಜ್ಜು, ಪಂಪು ಎಲ್ಲ ಹಗಲಲ್ಲೇ ಓಡುತ್ತೆ. ಎರಡೂ ಮನೆ ಒಂದೇ ಮೀಟರ್ ಮೇಲಿದ್ರೆ ಹಾಳಾಗೋ ಕರೆಂಟ್ ಕಮ್ಮಿ. ಆಗ ಆರು ವರ್ಷ ಚಿಲ್ಲರೆ."

ಒಂದೇ ಮೀಟರ್. ಹಗ್ಗದ ಮೇಲಿನ ಶೀಟು ಗಾಳಿಗೆ ಹೊಡೆದುಕೊಳ್ಳುತ್ತಿತ್ತು.

"ಯೋಚನೆ ಮಾಡ್ತೀನಿ" ಎಂದು ಕೆಳಗೆ ಬಂದೆ. ಬಕೆಟ್ ಮೇಲೆಯೇ ಮರೆತೆ. ಸಂಜೆ ನೋಡಿದರೆ ಬಾಗಿಲ ಹತ್ತಿರ ಇತ್ತು.

ಮಾರ್ಚ್ ೧೧

ಮಗಳಿಗೆ ಹೇಳಿದೆ. "ಒಂದೇ ಮೀಟರಾ? ಹಾವು ಕಚ್ಚಿದ ಹುತ್ತಕ್ಕೇ ಮತ್ತೆ ಕೈ ಹಾಕ್ತೀಯಾ ಅಮ್ಮ? ಚಿಕ್ಕಪ್ಪ ಅವತ್ತು ಏನಂದ್ರು ಮರೆತುಹೋಯ್ತಾ?" ಎಂದಳು. ಆ ಮಾತನ್ನು ಅವಳ ಕಿವಿಗೆ ನೂರು ಸಲ ಹಾಕಿದವಳು ನಾನೇ. ಇವತ್ತು ಅವಳ ಬಾಯಿಂದ ಕೇಳಿದಾಗ ಸರಿಯಾಗಿ ಒಗೆಯದ ಬಟ್ಟೆಯ ಹಾಗೆ ಅನ್ನಿಸಿತು.

"ಅವನು ಅಂದದ್ದು ಲೆಕ್ಕಕ್ಕೆ ಸರಿಯಾಗಿತ್ತು" ಎಂದೆ.

"ಹುಷಾರಾಗಿದೀಯಾ ತಾನೇ?" ಎಂದಳು.

ಮಾರ್ಚ್ ೧೫

ಮಧ್ಯಾಹ್ನ ಮೂರಕ್ಕೆ ಮೇಲಿನ ಮನೆಗೆ ಹೋದೆ. ಆರು ವರ್ಷದಲ್ಲಿ ತಾರಸಿಗೆ ಹೋಗುವಾಗ ಎಷ್ಟು ಸಲ ಆ ಬಾಗಿಲು ದಾಟಿ ಹೋಗಿದ್ದೇನೋ, ಒಳಗೆ ಕಾಲಿಟ್ಟಿದ್ದು ಇವತ್ತೇ.

ಕಿಟಕಿಯ ಹತ್ತಿರ ಅವನ ಮೇಜು. ಅದರ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಬಿಚ್ಚಿಟ್ಟ ಒಂದು ಕೈಗಡಿಯಾರ, ಸಾಸಿವೆಗಿಂತ ಸಣ್ಣ ತಿರುಪುಗಳು. ನಾನು ಉಸಿರು ಬಿಟ್ಟರೆ ಹಾರಿಹೋಗುತ್ತವೇನೋ ಎಂದು ದೂರದಲ್ಲೇ ನಿಂತೆ. ಓರಗಿತ್ತಿ ಚಹಾ ಇಟ್ಟಳು.

ಪುಸ್ತಕ ತೆಗೆದು ಅವನ ಮುಂದಿಟ್ಟೆ. "ಇಪ್ಪತ್ತೆಂಟು ದಿನ ಬರೆದಿದೀನಿ. ನಂದು ಹದಿನಾಲ್ಕು, ನಿಂದು ನಾಲ್ಕು. ನಿನ್ನ ಮೀಟರನ್ನ ನಿನ್ನ ಕೇಳದೇ ನೋಡಿದೆ, ಅದು ತಪ್ಪು. ಅವತ್ತು ನಾನು ನಿನಗೆ ಅಂದದ್ದು ಅದಕ್ಕಿಂತ ದೊಡ್ಡ ತಪ್ಪು. ನೀನು ಹೇಳಿದ ಹೊತ್ತು ಸರಿಯಿರಲಿಲ್ಲ. ಮಾತು ಮಾತ್ರ ಸರಿಯಾಗಿಯೇ ಇತ್ತು."

ಅವನು ಪುಸ್ತಕ ಮುಟ್ಟಲಿಲ್ಲ. "ಬಿಡಿ ಅತ್ತಿಗೆ. ಹಳೇದು" ಎಂದ.

ಓರಗಿತ್ತಿ ಲೋಟವನ್ನು ಟಪ್ಪೆಂದು ಇಟ್ಟಳು. "ಯಾಕೆ ಬಿಡಬೇಕು? ಈಗಲಾದ್ರೂ ಹೇಳಿ. ನೀವು ಹೇಳ್ದಿದ್ರೆ ನಾನು ಹೇಳ್ತೀನಿ."

"ಅಣ್ಣನಿಗೆ ಮಾತು ಕೊಟ್ಟಿದೀನಿ."

"ಮಾತು ಕೊಟ್ಟಿರೋರು ನೀವು, ನಾನಲ್ಲ." ಅವಳು ನನ್ನ ಕಡೆ ತಿರುಗಿ ಕೂತಳು. "ಅಕ್ಕ, ಆ ಎರಡನೇ ಮಷಿನ್ ಬಂದಾಗಿಂದ ಬಿಲ್ಲಲ್ಲಿ ಹೆಚ್ಚಿಗೆ ಬರೋದನ್ನ ಭಾವ ತಿಂಗಳಾ ತಿಂಗಳಾ ತಂದು ಇವರ ಕೈಗೆ ಕೊಡ್ತಿದ್ರು. 'ಅವಳಿಗೆ ಹೇಳಬೇಡಿ. ಮಷಿನ್ ಬಂದಾಗಿಂದ ಹಾಡು ಹೇಳ್ಕೊಂಡು ಕೆಲಸ ಮಾಡ್ತಾಳೆ. ಲೆಕ್ಕ ಗೊತ್ತಾದ್ರೆ ನಿಲ್ಲಿಸಿಬಿಡ್ತಾಳೆ' ಅಂತಿದ್ರು. ಆಸ್ಪತ್ರೆ ಸೇರಿದ ಮೇಲೆ ಹೇಗೆ ಕೊಡ್ತಾರೆ? ಎರಡು ತಿಂಗಳು ನಾವೇ ಕಟ್ಟಿದ್ವಿ. ಮೂರನೇ ತಿಂಗಳು ಆಗಲಿಲ್ಲ. ಆಗ ವಾಚು ರಿಪೇರಿಗೆ ಬರೋರೇ ಇರಲಿಲ್ಲ."

ನಮ್ಮ ಯಜಮಾನರು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಭಾನುವಾರವೂ ದುಡಿಯುತ್ತಿದ್ದರು. ಓವರ್‌ಟೈಮಿನ ದುಡ್ಡು ಎಲ್ಲಿ ಎಂದು ಕೇಳಿದರೆ, "ಸ್ನೇಹಿತರ ಜೊತೆ ಖರ್ಚಾಯ್ತು" ಎನ್ನುತ್ತಿದ್ದರು. ನಾನು ಮುಖ ಊದಿಸಿಕೊಳ್ಳುತ್ತಿದ್ದೆ.

"ನಾನು ಅವತ್ತು ಬಾಯಿಗೆ ಬಂದ ಹಾಗೆ ಅಂದಾಗ ಯಾಕೆ ಹೇಳಲಿಲ್ಲ ನೀನು?" ಎಂದೆ ಅವನಿಗೆ.

"ಅಣ್ಣ ಆಗ ಇನ್ನೂ ಇದ್ದ" ಎಂದ. ಭೂತಗನ್ನಡಿಯನ್ನು ಕಣ್ಣಿಗೆ ಇಳಿಸಿಕೊಂಡು ವಾಚಿನ ಮೇಲೆ ಬಗ್ಗಿದ. ಕೈಯಲ್ಲಿ ಚಿಮುಟ ಇರಲಿಲ್ಲ.

ಚಹಾ ಆರಿಹೋಗಿತ್ತು. ಕುಡಿದೆ.

ಮಾರ್ಚ್ ೧೬

ಇವತ್ತು ಒಗೆಯಲಿಲ್ಲ. ಹದಿಮೂರು ವರ್ಷದಲ್ಲಿ ಜ್ವರ ಬಂದಾಗ, ಇವರು ಹೋದಾಗ ಬಿಟ್ಟರೆ ಇದೇ ಮೊದಲು. ಲಾಡ್ಜಿಗೆ ಫೋನ್ ಮಾಡಿ ಮಷಿನ್ ಕೆಟ್ಟಿದೆ ಎಂದೆ.

ಹಾಡು ಹೇಳುತ್ತಿದ್ದೆನಂತೆ. ಯಾವ ಹಾಡು?

ಮಾರ್ಚ್ ೨೧

ಲಾಡ್ಜಿಗೇ ಹೋಗಿ ಮ್ಯಾನೇಜರ್ ಮುಂದೆ ಕೂತೆ. ಇಷ್ಟು ವರ್ಷ ಹಿಂಬಾಗಿಲಲ್ಲಿ ಗಂಟು ಎಣಿಸಿ ಕೊಟ್ಟವಳು, ಇವತ್ತು ಮುಂಬಾಗಿಲಿಂದ ಹೋದೆ.

"ಇನ್ಮೇಲೆ ಹಗಲಲ್ಲಿ ಒಗೆಯೋದು. ಇವತ್ತಿನ ಬಟ್ಟೆ ನಾಳೆ ಮಧ್ಯಾಹ್ನ ಅಲ್ಲ, ನಾಡಿದ್ದು ಮಧ್ಯಾಹ್ನ ಬರುತ್ತೆ. ನೀವು ಇನ್ನೊಂದು ಜೊತೆ ಶೀಟು ಇಟ್ಕೊಳ್ಳಿ" ಎಂದೆ.

"ಇನ್ನೊಂದು ಜೊತೆಗೆ ನಾನೆಲ್ಲಿ ಹೋಗ್ಲಿ? ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕಮ್ಮ."

"ಕಾಲು ಚಾಚೋರು ನಿಮ್ಮ ಗಿರಾಕಿಗಳು ಸ್ವಾಮಿ. ಹಾಸಿಗೆ ಒಗೆಯೋಳು ನಾನು. ಮೂರು ವರ್ಷದಿಂದ ರೇಟು ಏರಿಸಿಲ್ಲ. ಶೀಟು ತರಿಸ್ತೀರೋ, ರೇಟು ಏರಿಸ್ತೀರೋ, ಎರಡರಲ್ಲಿ ಒಂದು ಹೇಳಿ."

ಕ್ಯಾಲ್ಕುಲೇಟರ್ ಒತ್ತಿ ನೋಡಿದ. ಸೀಲಿಂಗ್ ನೋಡಿದ. ಶೀಟು ತರಿಸುತ್ತೇನೆ ಎಂದ. ಒಂದು ಸಲ ಕೊಡುವುದಕ್ಕಿಂತ ತಿಂಗಳಾ ತಿಂಗಳಾ ಕೊಡುವುದೇ ಭಾರ ಎನ್ನುವುದು ಅವನಿಗೂ ಗೊತ್ತು.

ಮನೆಗೆ ಬಂದವಳೇ ಮೊದಲು ಮೇಲೆ ಹೋಗಿ ಮೈದುನನಿಗೆ ಹೇಳಿದೆ. "ಹಾಗಾದ್ರೆ ಲೆಕ್ಕ ತಿದ್ದಬೇಕು" ಎಂದು ಪೆನ್ಸಿಲ್ ಹುಡುಕಿದ.

ಮಾರ್ಚ್ ೩೦

ಅರ್ಜಿಗೆ ಇಬ್ಬರೂ ಸಹಿ ಹಾಕಿದೆವು. ಅರ್ಧ ಅವರದು, ಅರ್ಧ ನನ್ನದು. ಕೈಲಾಗದ ಕಾಲಕ್ಕೆಂದು ಇಟ್ಟಿದ್ದರಲ್ಲಿ ಅರ್ಧವಷ್ಟೇ ಹೋಯಿತು. ಮಗಳಿಗೆ ಹೇಳಿದಾಗ ಅವಳು ಬೈಯಲಿಲ್ಲ. "ಅಪ್ಪ ಕೊಡ್ತಿದ್ದ ವಿಷಯ ನಿಜವಾ?" ಎಂದು ಮತ್ತೆ ಕೇಳಿದಳು. ಮತ್ತೆ ಹೇಳಿದೆ. ಚಿಕ್ಕಪ್ಪನ ನಂಬರು ಕೇಳಿದಳು.

ಏಪ್ರಿಲ್ ೧೨

ಟ್ಯಾಂಕನ್ನು ಉತ್ತರದ ಮೂಲೆಗೆ ಸರಿಸಿದರು. ನೀರು ಖಾಲಿ ಮಾಡಿದರೂ ಟೆಸ್ಟರ್, ಅವನ ಜೊತೆಯ ಇಬ್ಬರು, ಮೈದುನ ನಾಲ್ಕು ಜನ ಸೇರಿ ತಳ್ಳಬೇಕಾಯಿತು. ಮೈದುನನಿಗೆ ಅರ್ಧ ದಾರಿಯಲ್ಲೇ ಏದುಸಿರು. "ನೀನು ಸರಿ ಪಕ್ಕಕ್ಕೆ, ವಾಚಿನ ತಿರುಪು ಎತ್ತೋ ಕೈಗೆ ಟ್ಯಾಂಕು ಯಾಕೆ" ಎಂದು ಬೈದು ನಾನೇ ಭುಜ ಕೊಟ್ಟೆ. ಒದ್ದೆ ಶೀಟು ಎತ್ತಿ ಎತ್ತಿ ನನ್ನ ಭುಜಕ್ಕೆ ಭಾರದ ರೂಢಿ ಇದೆ.

ಮಧ್ಯಾಹ್ನದ ಊಟ ಎಲ್ಲರಿಗೂ ಮೇಲೆಯೇ ಆಯಿತು.

ಏಪ್ರಿಲ್ ೨೬

ಫಲಕ ಕೂರಿಸಿ ಆಗಿದೆ. ಇವತ್ತು ಕರೆಂಟ್ ಆಫೀಸಿನವರು ಬಂದು ಎರಡು ಮೀಟರ್ ತೆಗೆದು ಒಂದು ಹಾಕಿದರು. ಒಳಗೆ ಎರಡು ಮನೆಗೆ ಸಣ್ಣ ಸಬ್‌ಮೀಟರ್‌ಗಳು, ಯಾರದು ಎಷ್ಟು ಎಂದು ತಿಳಿಯಲು. ಹನ್ನೊಂದೂಕಾಲಿಗೆ ಟೆಸ್ಟರ್ ಸ್ವಿಚ್ ಒತ್ತಿದ. ಮೆಟ್ಟಿಲ ಗೋಡೆಯ ಮೇಲಿನ ಇನ್ವರ್ಟರ್‌ನಲ್ಲಿ ಹಸಿರು ದೀಪ. ಎರಡೂ ಮಷಿನ್ ಒಟ್ಟಿಗೆ ಹಾಕಿದೆ.

ಹತ್ತೇ ನಿಮಿಷ. ಬೀದಿಗೆಲ್ಲ ಕರೆಂಟ್ ಹೋಯಿತು. ನಮ್ಮ ಮನೆಯಲ್ಲೂ!

"ಬಿಸಿಲು ರಣಗುಟ್ಟುತ್ತಿದೆ, ನಮ್ಮದ್ಯಾಕೆ ಹೋಯ್ತು?" ಎಂದು ಕೂಗಿದೆ.

"ಹೇಳಿದ್ನಲ್ಲ ಅಕ್ಕ. ಲೈನ್ ಸತ್ತರೆ ಇದೂ ನಿಲ್ಲುತ್ತೆ. ಇಲ್ದಿದ್ರೆ ಕಂಬದ ಮೇಲೆ ರಿಪೇರಿ ಮಾಡೋನಿಗೆ ಶಾಕ್ ಹೊಡೆಯಲ್ವಾ? ಬ್ಯಾಟರಿ ಬೇಕಿದ್ರೆ ಬೇರೆ, ಅದರ ಖರ್ಚೂ ಬೇರೆ ಅಂದಿದ್ದೆ. ಬೇಡ ಅಂದ್ರಿ."

ಅಂದಿದ್ದನೋ ಏನೋ. ಮೈದುನ ಮೆಟ್ಟಿಲ ಮೇಲೆ ಕೂತು ನಗತೊಡಗಿದ. ಸದ್ದಿಲ್ಲದ ನಗು, ಭುಜ ಮಾತ್ರ ಕುಣಿಯುತ್ತದೆ. ಅವನ ಅಣ್ಣನದೂ ಹಾಗೆಯೇ. ಸಾಬೂನು ನೀರಲ್ಲಿ ಅರ್ಧ ಒಗೆದ ಶೀಟುಗಳನ್ನು ಬಿಟ್ಟು ಎಲ್ಲರೂ ಮುಕ್ಕಾಲು ಗಂಟೆ ಹಾಗೇ ಕೂತಿದ್ದೆವು. ಬೆಳಿಗ್ಗೆ ಹನ್ನೊಂದೂವರೆಗೆ ಸುಮ್ಮನೆ ಕೂತ ನೆನಪು ನನಗೆ ಬೇರೆ ಇಲ್ಲ.

ಮೇ ೩೧

ಮೊದಲ ಬಿಲ್ಲು. ಸೊನ್ನೆ ಅಲ್ಲ.

ಎರಡೂ ಮನೆ ಸೇರಿ ಮೊದಲು ಬರುತ್ತಿದ್ದುದರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಬಂದಿದೆ. ಒಂದು ವಾರ ಧೂಳು ಗಾಳಿ ಇತ್ತು, ಒರೆಸುವುದನ್ನು ಮರೆತಿದ್ದೆವು. ಮೋಡವೂ ನಾಲ್ಕು ದಿನ. ಹೀಗೇ ಹೋದರೆ ಏಳು ವರ್ಷ ಎಂದ ಮೈದುನ. ಆರು ಚಿಲ್ಲರೆ ಅಂದಿದ್ದೆಯಲ್ಲ ಎಂದೆ. "ಧೂಳು ಒರೆಸಿದ್ರೆ ಆರು ಚಿಲ್ಲರೆ" ಎಂದ.

ಬಿಲ್ಲು ಹಂಚುವಾಗ ಸ್ವಲ್ಪ ಜಗಳವಾಯಿತು. ಸಬ್‌ಮೀಟರ್ ಪ್ರಕಾರ ಮುಕ್ಕಾಲು ನನ್ನದು ಎಂದೆ. ಅವನು ಒಪ್ಪಲಿಲ್ಲ. "ನೀವು ಉರಿಸಿದ್ದು ಹಗಲಲ್ಲಿ, ಅದು ಬಿಸಿಲಿಂದು. ಸಂಜೆ ಮೇಲೆ ಲೈನಿಂದ ಎಳೆದಿದ್ದು ನಮ್ಮ ಟಿವಿ, ಫ್ಯಾನು" ಎಂದ. ನಾನು ಹೆಚ್ಚು ಕೊಡುತ್ತೇನೆ ಎಂದು ನಾನು, ಇಲ್ಲ ನಾನು ಎಂದು ಅವನು. ಓರಗಿತ್ತಿ ಬಿಲ್ಲನ್ನೇ ಕಿತ್ತುಕೊಂಡು, "ಇಬ್ಬರೂ ಸುಮ್ನಿರಿ. ಸರಿಪಾಲು" ಎಂದಳು.

ಈ ಮನೆಯಲ್ಲಿ ಆ ಶಬ್ದ ಕೇಳಿ ನನಗೆ ಏನೂ ಆಗಲಿಲ್ಲ.

ಜೂನ್ ೧೪

ನಾಲ್ಕು ದಿನದಿಂದ ಮೋಡ. ಲಾಡ್ಜಿನ ಗಂಟುಗಳು ಕಿಟಕಿಯವರೆಗೆ ಬಂದಿವೆ. ಸೇಲ್ಸ್‌ನವನು ಫೋನ್ ಮಾಡಿ ಹೇಗಿದೆ ಎಂದು ಕೇಳಿದ. ಪಕ್ಕದ ಬೀದಿಯವರಿಗೆ ನಾನು ಹೇಳಬೇಕಂತೆ, ಲಾಭ ಎಂದು. "ನಾಲ್ಕು ವರ್ಷ ಅಂತ ಹೇಳಬೇಡ, ಏಳು ಅಂತ ಹೇಳು. ಹಗಲಲ್ಲಿ ಕೆಲಸ ಇರೋರಿಗೆ ಮಾತ್ರ ಹೇಳು. ಆಗ ನಾನೂ ಹೇಳ್ತೀನಿ" ಎಂದೆ. ಮೇಡಂ ಎನ್ನುವುದನ್ನು ಬಿಟ್ಟು ಆಂಟಿ ಎಂದ.

ಮಗಳು ಮುಂದಿನ ತಿಂಗಳು ಬರುತ್ತಾಳೆ. ಮೇಲೆ ಮಲಗುತ್ತಾಳಂತೆ, ಅಲ್ಲಿ ಗಾಳಿ ಚೆನ್ನಾಗಿದೆಯಂತೆ. ಚಿಕ್ಕಪ್ಪನ ಹತ್ತಿರ ಎಲ್ಲ ಮಾತಾಡಿಕೊಂಡಿದ್ದಾಳೆ.

ಜೂನ್ ೧೫

ಬೆಳಿಗ್ಗೆ ಆರೂವರೆಯವರೆಗೆ ಮಲಗಿದ್ದೆ. ಹತ್ತಕ್ಕೆ ಮೋಡ ತೆಳುವಾದಂತೆ ಕಂಡಿತು. ಕಾಯುವುದು ಬೇಡವೆಂದು ಶೀಟು ತುಂಬಿ ಎರಡೂ ಮಷಿನ್ ಶುರು ಮಾಡಿ, ಇಸ್ತ್ರಿಗೆ ನಿಂತೆ.

ಹತ್ತೂಮುಕ್ಕಾಲಿಗೆ ಮೆಟ್ಟಿಲ ಮೇಲೆ ಧಡಧಡ ಸದ್ದು. ಮೈದುನ ಕೆಲಸ ಬಿಟ್ಟು ಇನ್ವರ್ಟರ್ ನೋಡಲು ಓಡಿಬಂದಿರಬೇಕು. ಅಲ್ಲಿಂದಲೇ ದೊಡ್ಡ ದನಿಯಲ್ಲಿ ಕೂಗಿದ. ಅವನಿಗೆ ಅಷ್ಟು ದೊಡ್ಡ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

"ಅತ್ತಿಗೆ! ಬಿಸಿಲು ಬಂತು! ಬೇಗ ಮಷಿನ್ ಹಾಕಿ!"

ಮಷಿನ್ ಶುರುವಾಗಿ ಆಗಲೇ ಮುಕ್ಕಾಲು ಗಂಟೆ ಆಗಿತ್ತು.

"ಈಗ ಹಾಕ್ತೀನಪ್ಪಾ" ಎಂದು ನಾನೂ ಕೂಗಿದೆ.